ನಾಲ್ವರು ಗೆಳೆಯರ ಬಾಡಿಗೆ ಮನೆಯಲ್ಲಿ ಭಾನುವಾರದ ಕೆಲಸ ಹಂಚಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ನೌಕರಿಗಾಗಿ ಬಳ್ಳಾರಿಗೆ ಬಂದ ನೀವು ನಾಲ್ವರು ಗೆಳೆಯರು ಒಂದೇ ಮನೆಯನ್ನು ಬಾಡಿಗೆಗೆ ಹಿಡಿದಿದ್ದೀರಿ, ವಾರವಿಡೀ ಬಾಕಿ ಉಳಿದ ಮನೆಗೆಲಸವೆಲ್ಲ ಭಾನುವಾರದ ತಲೆಯ ಮೇಲೆ ಬೀಳುತ್ತದೆ, ಪಾಳಿಯ ಪಟ್ಟಿ ಬರೆದು ಗೋಡೆಗೆ ಅಂಟಿಸಿದರೂ ಅದು ಹದಿನೈದು ದಿನ ನಡೆಯುವುದಿಲ್ಲ, ಕೆಲಸವನ್ನು ಹೇಗೆ ಹಂಚಿಕೊಳ್ಳಬೇಕು, ಅಥವಾ ಕೆಲಸದವರನ್ನೇ ಇಟ್ಟುಕೊಂಡುಬಿಡುವುದು ಮೇಲೇ ಎಂದು ಕೇಳಿದ್ದೀರಿ. ನಾನೂ ಇದೇ ಊರಿನಲ್ಲಿ ಹಲವು ವರ್ಷಗಳಿಂದ ಗೆಳೆಯರೊಂದಿಗೆ ಮನೆ ಹಂಚಿಕೊಂಡು ಇರುವವನು. ನಮ್ಮಲ್ಲಿ ಒಬ್ಬ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಾನೆ, ಒಬ್ಬ ಜೀನ್ಸ್ ಹೊಲಿಯುವ ಘಟಕದಲ್ಲಿ ಲೆಕ್ಕ ಬರೆಯುತ್ತಾನೆ, ಇನ್ನೊಬ್ಬ ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದಾನೆ, ನಾನು ಬ್ಯಾಂಕಿನವನು. ಆದ್ದರಿಂದ ನಿಮ್ಮ ಮನೆಯ ಚಿತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದಿನಗಳನ್ನು ಹಂಚಿಕೊಳ್ಳಬೇಡಿ, ಕೆಲಸಗಳನ್ನು ಹಂಚಿಕೊಳ್ಳಿ. ಎಲ್ಲರೂ ಸೇರಿ ಮಾಡಲೇಬೇಕಾದ ಕೆಲಸವನ್ನು ಭಾನುವಾರಕ್ಕೆ ಕಟ್ಟಿಹಾಕದೆ, ನಲ್ಲಿಯಲ್ಲಿ ನೀರು ಬರುವ ದಿನಕ್ಕೆ ಕಟ್ಟಿ.

ಪಾಳಿಪಟ್ಟಿ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ನಿಮ್ಮ ಗೆಳೆಯರ ಸೋಮಾರಿತನವೊಂದೇ ಕಾರಣವಲ್ಲ. ಕಾರ್ಖಾನೆಯವನ ವಾರದ ರಜೆ ಭಾನುವಾರವೇ ಬರಬೇಕೆಂಬ ನಿಯಮವಿಲ್ಲ. ರಾತ್ರಿ ಪಾಳಿ ಮುಗಿಸಿ ಸುಮಾರು ಮೂವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದು ಮಲಗಿದವನನ್ನು ‘ಈ ಭಾನುವಾರ ನಿನ್ನದು’ ಎಂದು ಎಬ್ಬಿಸುವುದು ನ್ಯಾಯವೂ ಅಲ್ಲ. ಅವನು ‘ಮುಂದಿನ ವಾರ ಎರಡೂ ನಾನೇ ಮಾಡುತ್ತೇನೆ’ ಎನ್ನುತ್ತಾನೆ, ಅಲ್ಲಿಗೆ ಪಟ್ಟಿ ಹೋಗಿ ಸಾಲದ ಪುಸ್ತಕವಾಗುತ್ತದೆ. ಅದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ವಾರಕ್ಕೊಬ್ಬನಂತೆ ಕೈ ಬದಲಾಗುವ ಕೆಲಸದ ಆದಿ ಅಂತ್ಯ ಯಾರಿಗೂ ಕಾಣುವುದಿಲ್ಲ. ಬಚ್ಚಲಿನ ನೀರು ನಿಧಾನವಾಗಿ ಇಳಿಯತೊಡಗಿದ್ದು ಯಾವಾಗ, ಪೊರಕೆ ಸವೆದು ಹೊಸದು ತರಬೇಕಾದದ್ದು ಯಾವಾಗ ಎಂಬುದನ್ನು ಗಮನಿಸುವುದೂ ಕೆಲಸದ ಒಂದು ಭಾಗವೇ. ಪಟ್ಟಿಯಲ್ಲಿ ಅದಕ್ಕೆ ಮನೆಯಿಲ್ಲ. ಬಚ್ಚಲು ಕಟ್ಟಿಕೊಂಡ ದಿನ ತಪ್ಪು ಯಾವಾಗಲೂ ಹೋದ ವಾರದವನದೇ ಆಗಿರುತ್ತದೆ.

ಆದ್ದರಿಂದ ಮನೆಯನ್ನು ನಾಲ್ಕು ಖಾತೆಗಳಾಗಿ ಮಾಡಿ: ನೀರು, ಅಡುಗೆಮನೆಯ ದಾಸ್ತಾನು, ಬಚ್ಚಲು ಮತ್ತು ಶೌಚಾಲಯ, ಹಣ ಮತ್ತು ಬಿಲ್ಲು. ಒಬ್ಬೊಬ್ಬರಿಗೆ ಒಂದೊಂದು ಖಾತೆ, ಕನಿಷ್ಠ ಮೂರು ತಿಂಗಳು. ಖಾತೆಯವನು ತನ್ನ ಕೆಲಸವನ್ನು ಮಂಗಳವಾರ ರಾತ್ರಿ ಮಾಡಿದರೂ ಸರಿ, ಭಾನುವಾರ ಬೆಳಿಗ್ಗೆ ಮಾಡಿದರೂ ಸರಿ, ಉಳಿದವರು ಕೇಳಬಾರದು. ಕೆಟ್ಟಾಗ ಮಾತ್ರ ಅವನನ್ನೇ ಕೇಳಬೇಕು. ಬಟ್ಟೆ, ಹಾಸಿಗೆ, ಉಂಡ ತಟ್ಟೆ ಯಾರ ಖಾತೆಗೂ ಸೇರುವುದಿಲ್ಲ, ಅವು ಅವರವರವು.

ಈ ನಾಲ್ಕರಲ್ಲಿ ನೀರಿನ ಖಾತೆಯೇ ಹಿರಿದು, ಅದಕ್ಕಾಗಿ ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಬೆಂಗಳೂರಿನಲ್ಲಿ ಕುಳಿತು ಬರೆದ ಸಲಹೆಗಳು ನಮ್ಮ ಕಡೆ ಕೆಲಸಕ್ಕೆ ಬಾರದಿರುವುದು ಇಲ್ಲಿಯೇ. ತುಂಗಭದ್ರೆಯ ಕಾಲುವೆಯಿಂದ ಅಲ್ಲೀಪುರದ ಕೆರೆಗೆ ಬಂದು ಅಲ್ಲಿಂದ ಊರಿಗೆ ಹರಿಯುವ ನೀರು ಅನೇಕ ಬಡಾವಣೆಗಳಿಗೆ ದಿನಾಲೂ ಬರುವುದಿಲ್ಲ. ಬಂದಾಗಲೂ ಬೆಳಗಿನ ಜಾವಕ್ಕೋ ನಡುರಾತ್ರಿಗೋ ಬರುತ್ತದೆ. ಆ ಒಂದೆರಡು ತಾಸಿನಲ್ಲಿ ಸಂಪು ತುಂಬಬೇಕು, ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು, ಕುಡಿಯುವುದಕ್ಕೂ ಅಡುಗೆಗೂ ಬೇರೆ ಡ್ರಮ್ಮುಗಳಲ್ಲಿ ಹಿಡಿದಿಡಬೇಕು. ಆದ್ದರಿಂದ ಈ ಊರಿನಲ್ಲಿ ಮನೆಯ ವಾರ ಶುರುವಾಗುವುದು ವಾಲ್ವ್ ತಿರುಗಿಸುವವರು ಬಂದುಹೋದ ಗಳಿಗೆಯಿಂದ. ನೀರಿನ ಖಾತೆಯವನು ಓಣಿಯ ಹಿರಿಯರೊಬ್ಬರ ನಂಬರನ್ನೂ ವಾಲ್ವ್ ತಿರುಗಿಸುವವರ ನಂಬರನ್ನೂ ಇಟ್ಟುಕೊಂಡಿರಬೇಕು. ಎದುರು ಮನೆಯ ಅಮ್ಮನ ಪರಿಚಯವಿದ್ದರೆ ಇನ್ನೂ ಒಳ್ಳೆಯದು. ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವ ಸದ್ದು ಅವರಿಗೆ ಕೇಳಿದಷ್ಟು ಬೇಗ ಯಾವ ಮೊಬೈಲ್ ಗುಂಪಿನಲ್ಲೂ ಸುದ್ದಿ ಬರುವುದಿಲ್ಲ.

ನೀರು ಬಂದ ದಿನ ಮನೆಯಲ್ಲಿರುವವರೆಲ್ಲ ಒಂದು ತಾಸು ಕೈ ಹಾಕಲೇಬೇಕು ಎಂಬುದೊಂದೇ ಎಲ್ಲರಿಗೂ ಅನ್ವಯಿಸುವ ನಿಯಮವಾಗಲಿ. ಆಗ ಮಾಡಬೇಕಾದ ಮುಖ್ಯ ಕೆಲಸ ಡ್ರಮ್ಮು ತೊಳೆಯುವುದು. ಹೊಸ ನೀರನ್ನು ಹಳೆಯದರ ಮೇಲೆಯೇ ಬಿಟ್ಟುಕೊಳ್ಳುವುದು ಹುಡುಗರ ಮನೆಗಳಲ್ಲಿ ಸಾಮಾನ್ಯ, ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಈ ಸೊಳ್ಳೆ ಮೊಟ್ಟೆ ಇಡುವುದು ನೀರಿನೊಳಗಲ್ಲ, ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಒಳಗೋಡೆಯ ತೇವದ ಮೇಲೆ. ಬ್ಯಾಟರಿ ಹಿಡಿದು ನೀಲಿ ಡ್ರಮ್ಮಿನೊಳಗೆ ಬಗ್ಗಿ ನೋಡಿದರೆ, ಹೋದ ಸಲದ ನೀರಿನ ಗೆರೆಯ ಉದ್ದಕ್ಕೂ ಕರಿ ಎಳ್ಳಿಗಿಂತ ಸಣ್ಣ ಚುಕ್ಕೆಗಳು ಅಂಟಿಕೊಂಡಿರುವುದು ಕಂಡೀತು. ಒಣಗಿದರೂ ಅವು ತಿಂಗಳುಗಟ್ಟಲೆ ಸಾಯುವುದಿಲ್ಲ. ನೀರು ಮತ್ತೆ ಅಲ್ಲಿಗೆ ಏರಿದಾಗ ಒಡೆಯುತ್ತವೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗುವುದಕ್ಕೆ ಬೆಚ್ಚಗಿನ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು. ಹೀಗಾಗಿ ನೀರು ಚೆಲ್ಲಿದರೆ ಮಾತ್ರ ಸಾಲದು, ತೆಂಗಿನ ನಾರಿನಿಂದಲೋ ಗಟ್ಟಿ ಬ್ರಷ್ಷಿನಿಂದಲೋ ಆ ಗೆರೆಯನ್ನು ಸುತ್ತಲೂ ಗಸಗಸ ತಿಕ್ಕಿ, ಡ್ರಮ್ಮನ್ನು ಬಿಸಿಲಿಗೆ ಬೋರಲು ಹಾಕಬೇಕು. ತುಂಬಿದ ಮೇಲೆ ಮುಚ್ಚಳ, ಮುಚ್ಚಳವಿಲ್ಲದಿದ್ದರೆ ಹಳೆಯ ಪಂಚೆಯನ್ನು ಬಾಯಿಗೆ ಬಿಗಿದು ಕಟ್ಟಬೇಕು. ತೊಳೆಯಲು ಬಳಸಿದ ಹಳೆಯ ನೀರು ಅಂಗಳಕ್ಕೋ ಶೌಚಾಲಯದ ಬಕೆಟ್ಟಿಗೋ ಹೋಗಲಿ. ಬೇಸಿಗೆಯಲ್ಲಿ ಕೂಲರಿನ ತೊಟ್ಟಿಗೂ ಇದೇ ಮಾತು. ನಲವತ್ತು ಡಿಗ್ರಿ ದಾಟುವ ಏಪ್ರಿಲ್‌ನಲ್ಲಿ ಅದಕ್ಕೆ ದಿನಾಲೂ ನೀರು ಸುರಿಯುತ್ತೇವೆಯೇ ಹೊರತು, ಅಡಿಯಲ್ಲಿ ನಿಂತದ್ದನ್ನು ಯಾರೂ ಹೊರಹಾಕುವುದಿಲ್ಲ.

ಕಾಲುವೆಯ ನೀರು ಮತ್ತು ಬೋರಿನ ನೀರು ಎರಡೂ ಇರುವ ಮನೆಯಾದರೆ ಅವನ್ನು ಬೆರೆಸದೆ ಇಟ್ಟುಕೊಳ್ಳುವುದು ಅರ್ಧ ಕೆಲಸವನ್ನು ಉಳಿಸುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಹೇಳಿದೆ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಿಕೊಂಡಿದೆ. ಗಡಸು ನೀರಿನಲ್ಲಿ ಸಾಬೂನು ನೊರೆ ಬಿಡದೆ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಜಿಡ್ಡಾಗುತ್ತದೆ, ತೊಗರಿಬೇಳೆ ಎಷ್ಟು ಸೀಟಿ ಹೊಡೆಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ‘ನಿನಗೆ ಬೇಳೆ ಬೇಯಿಸಲು ಬರುವುದಿಲ್ಲ’ ಎಂಬ ಜಗಳಕ್ಕೆ ಅನೇಕ ಮನೆಗಳಲ್ಲಿ ಬೋರೇ ಮೂಲ. ಬೇಳೆಗೆ, ಬಟ್ಟೆಯ ಸಾಬೂನಿಗೆ ಕಾಲುವೆಯ ನೀರು. ನೆಲಕ್ಕೆ, ಶೌಚಾಲಯಕ್ಕೆ ಬೋರಿನ ನೀರು. ನಲ್ಲಿಯ ಮೇಲೆ ಕಟ್ಟಿದ ಬಿಳಿ ಪದರಕ್ಕೆ ಬಚ್ಚಲಿನ ಖಾತೆಯವನು ರಾತ್ರಿ ಹುಣಸೆಹುಳಿ ಮೆತ್ತಿ ಬೆಳಿಗ್ಗೆ ತಿಕ್ಕಿದರೆ ಹೋಗುತ್ತದೆ, ಅಂಗಡಿಯ ಆಸಿಡ್ಡು ಬೇಕಾಗಿಲ್ಲ.

ಬಟ್ಟೆಯ ವಿಷಯದಲ್ಲಿ ಬಳ್ಳಾರಿಗಷ್ಟೇ ಸಲ್ಲುವ ಒಂದು ಮಾತಿದೆ. ಇಲ್ಲಿ ಪ್ರತಿ ಮನೆಯಲ್ಲಿ ಒಬ್ಬನಾದರೂ ಘಟಕದಿಂದ ನೇರವಾಗಿ ತಂದ ಹೊಸ ಜೀನ್ಸ್ ಹಾಕುತ್ತಾನೆ. ಡೆನಿಮ್ಮಿನಲ್ಲಿ ಉದ್ದೆಳೆಗೆ ಮಾತ್ರ ನೀಲಿ ಬಣ್ಣ, ಅಡ್ಡೆಳೆ ಬಿಳಿಯದೇ. ಆ ನೀಲಿಯೂ ನೂಲಿನ ಮೇಲ್ಮೈಯಲ್ಲೇ ನಿಂತಿರುತ್ತದೆಯಾದ್ದರಿಂದ ಮೊದಲ ಹಲವು ತೊಳೆತಗಳಲ್ಲಿ ಬಿಡುತ್ತಲೇ ಇರುತ್ತದೆ. ನಮ್ಮ ಜೀನ್ಸ್ ಘಟಕದವನು ಇದನ್ನೆಲ್ಲ ಬಲ್ಲವನಾಗಿಯೂ ನನ್ನ ಬ್ಯಾಂಕಿನ ಬಿಳಿ ಅಂಗಿ ನೆನೆಸಿದ ಬಕೆಟ್ಟಿಗೆ ತನ್ನ ಪ್ಯಾಂಟು ಅದ್ದಿದ. ಅಂದಿನಿಂದ ಬಕೆಟ್ಟುಗಳಿಗೆ ಬೇರೆ ಬೇರೆ ಬಣ್ಣ.

ಅಡುಗೆಮನೆಯ ಖಾತೆಯಲ್ಲಿ ಅಡುಗೆ ಮಾಡುವುದಕ್ಕಿಂತ ಸಾಮಾನು ಮುಗಿಯದಂತೆ ನೋಡಿಕೊಳ್ಳುವುದೇ ದೊಡ್ಡದು. ಅಕ್ಕಿಯನ್ನು ಚೀಲದ ಲೆಕ್ಕದಲ್ಲಿ ತನ್ನಿ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯ ಸೋನಾ ಮಸೂರಿ ನಮಗೆ ಹತ್ತಿರದಲ್ಲೇ ಸಿಗುತ್ತದೆ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಲೇಬಲ್ ಹಚ್ಚಿದ ಪೊಟ್ಟಣದ ಅಕ್ಕಿಗೆ ಶೇಕಡಾ 5ರ ಜಿಎಸ್‌ಟಿ ಬಂದಮೇಲೆ ಅಂಗಡಿಗಳಲ್ಲಿ 26 ಕೆ.ಜಿ. ಚೀಲಗಳು ಕಾಣಿಸಿಕೊಂಡವು, ಕೊಳ್ಳುವಾಗ ಕೆ.ಜಿ.ಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿ, ಚೀಲಕ್ಕೆ ಚೀಲ ಹೋಲಿಸಬೇಡಿ. ರೊಟ್ಟಿಯನ್ನು ಮಾತ್ರ ಮನೆಯಲ್ಲಿ ಬಡಿಯುವ ಸಾಹಸ ಬೇಡ. ಊರಿನ ರೊಟ್ಟಿ ಕೇಂದ್ರಗಳಲ್ಲಿ ಹೆಣ್ಣುಮಕ್ಕಳು ಬಡಿದು ಒಣಗಿಸಿದ ಖಡಕ್ ರೊಟ್ಟಿ ಸಿಗುತ್ತದೆ, ತೇವ ತಾಗದಂತೆ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು ಇದ್ದರೆ ರಾತ್ರಿ ಹನ್ನೊಂದಕ್ಕೆ ಕಾರ್ಖಾನೆಯಿಂದ ಬಂದವನಿಗೂ ಒಲೆ ಹಚ್ಚದೆ ಊಟವಾಗುತ್ತದೆ. ಗ್ಯಾಸಿನ ಸಂಪರ್ಕ ಇನ್ನೂ ಸಿಕ್ಕಿಲ್ಲದಿದ್ದರೆ, ವಿಳಾಸದ ದಾಖಲೆ ಕೇಳದೆ ಗುರುತಿನ ಚೀಟಿಯ ಮೇಲೆ ಕೊಡುವ 5 ಕೆ.ಜಿ. ಸಿಲಿಂಡರನ್ನು ವಿಚಾರಿಸಿ. ಭಾನುವಾರ ಬೆಳಿಗ್ಗೆಯ ಅಡುಗೆಯನ್ನು ಯಾರ ಹೆಸರಿಗೂ ಬರೆಯಬೇಡಿ. ಆ ಹೊತ್ತಿನ ಒಗ್ಗರಣೆ-ಮಿರ್ಚಿ ಹೊರಗಿನಿಂದಲೇ ಬರಲಿ. ಮಂಡಕ್ಕಿ ನೆನೆಸಿ ಹಿಂಡಿ ಹುರಿಗಡಲೆ ಪುಡಿ ಕಲಸುವ ಹದ ಗಾಡಿಯವರ ಕೈಗೆ ಇರುವಷ್ಟು ನಮಗೆ ಇಲ್ಲ.

ಹಣದ ಖಾತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಿಂಗಳ ಮೊದಲ ದಿನ ಎಲ್ಲರೂ ಸಮನಾಗಿ ಹಾಕಿ, ಅದರಿಂದಲೇ ಖರ್ಚಾಗಲಿ. ಚಹಾ ಪುಡಿಗೆ ಯಾರು ಕೊಟ್ಟರು ಎಂಬ ಲೆಕ್ಕ ಸ್ನೇಹಕ್ಕೆ ಒಳ್ಳೆಯದಲ್ಲ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಬೇಸಿಗೆಯಲ್ಲಿ ನಾಲ್ಕು ಕೂಲರು ಓಡುವ ಮನೆಯಲ್ಲಿ ಹಣದ ಖಾತೆಯವನು ತಿಂಗಳ ನಡುವೆ ಒಮ್ಮೆ ಮೀಟರಿನ ಅಂಕಿ ನೋಡಿ ಉಳಿದವರಿಗೆ ತಿಳಿಸಬೇಕು.

ಯಾವ ಖಾತೆಯನ್ನೂ ಹೊರದ ಒಬ್ಬ ಗೆಳೆಯ ನಿಮ್ಮಲ್ಲಿಯೂ ಇದ್ದೇ ಇರುತ್ತಾನೆ. ಅವನಿಗೆ ಬಚ್ಚಲು ಕೊಟ್ಟರೆ ಶಿಕ್ಷೆ ಕೊಟ್ಟಂತೆ ಎಂದುಕೊಳ್ಳುತ್ತಾನೆ, ಹಣ ಕೊಟ್ಟರೆ ಬಿಲ್ಲು ತಡವಾಗುತ್ತದೆ. ನನ್ನ ಅನುಭವದಲ್ಲಿ ಅಂಥವನಿಗೆ ನೀರಿನ ಖಾತೆಯೇ ಸರಿ, ಏಕೆಂದರೆ ಸಂಪು ತುಂಬದ ವಾರ ಅವನಿಗೂ ಸ್ನಾನವಿಲ್ಲ. ಬೇರೆ ಯಾರೂ ಬೈಯುವ ಅಗತ್ಯ ಬೀಳುವುದಿಲ್ಲ. ಮೂರು ತಿಂಗಳು ಕಳೆದ ಮೇಲೂ ಬದಲಾಗದಿದ್ದರೆ ಅವನ ಪಾಲಿನ ಬಾಡಿಗೆಯನ್ನು ಹೆಚ್ಚಿಸುವುದು ನನಗೆ ಒಪ್ಪಿಗೆಯಿಲ್ಲದ ಉಪಾಯ, ಒಮ್ಮೆ ದುಡ್ಡು ಕೊಟ್ಟವನು ಲೋಟವನ್ನೂ ಎತ್ತಿಡುವುದಿಲ್ಲ. ಬೇರೆ ಮನೆ ನೋಡಿಕೊಳ್ಳಲು ನೇರವಾಗಿ ಹೇಳುವುದೇ ಮರ್ಯಾದೆ.

ಇನ್ನು ಕೆಲಸದವರ ವಿಷಯ. ನಾಲ್ವರೂ ದುಡಿಯುತ್ತಿರುವಾಗ ಪಾತ್ರೆಗೂ ನೆಲ ಒರೆಸುವುದಕ್ಕೂ ಒಬ್ಬರನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಗಣಿಯ ಧೂಳು ಹೊತ್ತ ಗಾಳಿ ಬೀಸುವ ದಿನಗಳಲ್ಲಿ ನೆಲವನ್ನು ದಿನಾಲೂ ಒರೆಸಬೇಕಾಗುತ್ತದೆ. ಆದರೆ ಡ್ರಮ್ಮು, ಶೌಚಾಲಯ ಮತ್ತು ದಾಸ್ತಾನು ನಿಮ್ಮಲ್ಲೇ ಇರಲಿ. ಶನಿವಾರದ ಪಾತ್ರೆ ಭಾನುವಾರದ ಪಾತ್ರೆ ಎಂದು ರಾಶಿ ಹಾಕಿ ಸೋಮವಾರ ಬಂದವರ ಮುಂದೆ ಇಡಬೇಡಿ, ಅವರ ರಜೆಯ ದಿನದ ಪಾತ್ರೆಯನ್ನು ಉಂಡವರೇ ತೊಳೆಯಲಿ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಕರ್ನಾಟಕ ಸರ್ಕಾರ 2004ರಲ್ಲಿಯೇ ಗೊತ್ತುಪಡಿಸಿದೆ, ಈಗಿನ ದರವನ್ನು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿಕೊಂಡು ಮಾತಾಡಿ. ಸಂಬಳ ಕೊಡುವುದು ಹಣದ ಖಾತೆಯವನ ಕೆಲಸವೆಂದು ಅವರ ಎದುರಿಗೇ ಹೇಳಿಬಿಡಿ. ತಮ್ಮ ದುಡ್ಡಿಗಾಗಿ ಅವರು ನಾಲ್ಕು ಜನರ ಬಾಗಿಲು ತಟ್ಟಿಕೊಂಡು ತಿರುಗುವಂತಾಗಬಾರದು.