ಜರ್ಮನಿ ಬಿಡುವಾಗ ಬ್ಯಾಂಕ್ ಖಾತೆ ಮೊದಲು ಮುಚ್ಚಬೇಕೆ?

ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್ ಬಿಡುತ್ತಿದ್ದೀರಿ, ಬ್ಯಾಂಕ್ ಖಾತೆ ಈಗಲೇ ಮುಚ್ಚಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ, ಅದು ಎಲ್ಲಕ್ಕಿಂತ ಕೊನೆಯ ಕೆಲಸ. ಮನೆಯ ಅಡ್ವಾನ್ಸ್ ಕೀಲಿ ಕೊಟ್ಟ ದಿನವೇ ಕೈಗೆ ಬರುವುದಿಲ್ಲ. ಹೀಟಿಂಗ್, ನೀರಿನ ಬಾಕಿ ಲೆಕ್ಕ ಹಾಕಿ ಹಿಂದಿರುಗಿಸಲು ಮಾಲೀಕರು ಹಲವು ತಿಂಗಳು ತೆಗೆದುಕೊಳ್ಳುವುದುಂಟು. ಕೀಲಿ ಒಪ್ಪಿಸುವಾಗ ಪ್ರತಿ ಕೋಣೆಯ ಸ್ಥಿತಿ, ಮೀಟರ್ ರೀಡಿಂಗ್, ಕೀಲಿಗಳ ಸಂಖ್ಯೆ ಬರೆದು ಇಬ್ಬರೂ ಸಹಿ ಹಾಕಿ, ಫೋಟೋ ತೆಗೆದಿಡಿ. ಆಮೇಲೆ ಗೋಡೆಯ ಕಲೆಗೆ ಹಣ ಹಿಡಿದರೆ ನಿಮ್ಮ ಪರ ಮಾತಾಡುವುದು ಅದೊಂದೇ.

ಬಾಡಿಗೆ ನೋಟಿಸ್ ಕೊಟ್ಟಿದ್ದೀರಿ ತಾನೇ? ಸಾಮಾನ್ಯ ಕರಾರಿನಲ್ಲಿ ಸೆಪ್ಟೆಂಬರ್ ಕೊನೆಗೆ ಬಿಡಲು ಸಹಿ ಮಾಡಿದ ಪತ್ರ ಜುಲೈನ 3ನೇ ಕೆಲಸದ ದಿನದೊಳಗೆ ತಲುಪಿರಬೇಕು. ಇಮೇಲ್ ನಡೆಯುವುದಿಲ್ಲ.

ಊರಿನ ನೋಂದಣಿ ರದ್ದತಿಗೆ, ಅಂದರೆ ಆಬ್‌ಮೆಲ್ಡುಂಗ್‌ಗೆ, ಮನೆ ಬಿಡುವ 1 ವಾರ ಮೊದಲಿನಿಂದ ಬಿಟ್ಟ 2 ವಾರದವರೆಗೆ ಕಾಲಾವಕಾಶ. ಆಗ ಸಿಗುವ ರದ್ದತಿ ಪತ್ರದ ಪ್ರತಿಗಳನ್ನು ಜೋಪಾನವಾಗಿಡಿ. ತಿಂಗಳಿಗೆ 18.36 ಯೂರೋ ರೇಡಿಯೋ-ಟಿವಿ ಶುಲ್ಕ ತಾನಾಗಿ ನಿಲ್ಲದು, ಬೇರೆಯಾಗಿ ರದ್ದು ಮಾಡಿಸಬೇಕು. ಆರೋಗ್ಯ ವಿಮೆಯೂ ಇದೇ ಪತ್ರ ಕೇಳಬಹುದು.

ಹೊರಡುವ ಮುನ್ನ ಬ್ಯಾಂಕಿಗೆ ಭಾರತದ ವಿಳಾಸ ಕೊಡಿ. ಫೋನ್ ಬದಲಾದರೆ ಆ್ಯಪ್ ಸಕ್ರಿಯಗೊಳಿಸುವ ಕೋಡನ್ನು ಹಲವು ಬ್ಯಾಂಕುಗಳು ಅಂಚೆಯಲ್ಲೇ ಕಳಿಸುತ್ತವೆ.