ಸ್ಲೈಡ್‌ನಲ್ಲಿ ಕಂಡ ಹಾರ್ಮೋನ್ ರಕ್ತದಲ್ಲೂ ಇದೆಯಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 61 ವರ್ಷ. ಐದು ತಿಂಗಳಿಂದ ದನಿ ಒಡೆದಿದೆ, ನುಂಗಿದರೆ ಬಲಗಿವಿಗೆ ನೋವು ಹೊಡೆಯುತ್ತದೆ. ಆ್ಯಸಿಡಿಟಿ ಎಂದು ಪ್ಯಾಂಟೊಪ್ರಜೋಲ್ ಕೊಟ್ಟಿದ್ದರು, ಈಗಲೂ ನುಂಗುತ್ತಿದ್ದಾರೆ. ಕೊನೆಗೆ ಕ್ಯಾಮೆರಾ ಹಾಕಿ ನೋಡಿದಾಗ ಧ್ವನಿಪೆಟ್ಟಿಗೆಯ ಮೇಲ್ಭಾಗದಲ್ಲಿ ಗಂಟು ಕಂಡಿತು. ಬಯಾಪ್ಸಿಯಲ್ಲಿ 'ನ್ಯೂರೋಎಂಡೋಕ್ರೈನ್ ಟ್ಯೂಮರ್, ಕ್ಯಾಲ್ಸಿಟೋನಿನ್ ಪಾಸಿಟಿವ್' ಎಂದಿದೆ. ಥೈರಾಯ್ಡ್ ಕ್ಯಾನ್ಸರ್ ಹರಡಿದೆ, ಥೈರಾಯ್ಡ್ ತೆಗೆಯೋಣ ಅಂತಾರೆ ಒಬ್ಬರು. ಗಂಟಲಲ್ಲೇ ಹುಟ್ಟಿದ್ದು ಅಂತಾರೆ ಇನ್ನೊಬ್ಬರು. ರಕ್ತದಲ್ಲಿ ಕ್ರೋಮೋಗ್ರಾನಿನ್ ಕೂಡ ಜಾಸ್ತಿ ಇದೆ. ಯಾರನ್ನು ನಂಬಲಿ?

ಉತ್ತರ: ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ ತಾಯಿ. ಮೊದಲು ರಕ್ತದಲ್ಲಿ ಕ್ಯಾಲ್ಸಿಟೋನಿನ್ ಎಷ್ಟಿದೆ ನೋಡಿಸಿ. ಸಿಇಎ ಅನ್ನುವ, ಕೆಲವು ಕ್ಯಾನ್ಸರ್‌ಗಳಲ್ಲಿ ಏರುವ ಪ್ರೋಟೀನಿನ ಪರೀಕ್ಷೆಯನ್ನೂ ಅದೇ ರಕ್ತದಲ್ಲಿ ಮಾಡಿಸಿ. ನೀವು ಬರೆದ ಪತ್ರದಲ್ಲಿ ಇವೆರಡೂ ಇಲ್ಲ.

ಕ್ಯಾಲ್ಸಿಟೋನಿನ್ ಅಂದ ಕೂಡಲೇ ಎಲ್ಲರ ಕೈ ಥೈರಾಯ್ಡ್ ಕಡೆ ಹೋಗುತ್ತದೆ. ಆ ಹಾರ್ಮೋನ್ ಮಾಡುವ 'ಸಿ' ಜೀವಕೋಶಗಳು ಇರುವುದು ಅಲ್ಲಿಯೇ, ಅವುಗಳಿಂದ ಬರುವ ಕ್ಯಾನ್ಸರ್‌ಗೆ ಮೆಡುಲರಿ ಎಂದು ಹೆಸರು. ಆದರೆ ಧ್ವನಿಪೆಟ್ಟಿಗೆಯಲ್ಲಿ ಹುಟ್ಟುವ ನ್ಯೂರೋಎಂಡೋಕ್ರೈನ್ (ಹಾರ್ಮೋನ್ ಮಾಡುವ ಜೀವಕೋಶಗಳ) ಗಡ್ಡೆಗಳಲ್ಲೂ ಬಹಳಷ್ಟು, ಕ್ಯಾಲ್ಸಿಟೋನಿನ್ ಪತ್ತೆಗೆ ಸ್ಲೈಡ್‌ಗೆ ಹಾಕುವ ಇದೇ ಬಣ್ಣ ಹಿಡಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಎರಡೂ ಅಣ್ಣತಮ್ಮಂದಿರ ಹಾಗೆ. ಧ್ವನಿಪೆಟ್ಟಿಗೆಯ ಗಡ್ಡೆಗಳಲ್ಲಿ ಇವು ನೂರಕ್ಕೆ ಒಂದಕ್ಕಿಂತ ಕಡಿಮೆ, ಮೊದಲ ವರದಿ ಬಂದದ್ದೇ 1969ರಲ್ಲಿ. ಹಾಗಾಗಿ ಎಷ್ಟೋ ಡಾಕ್ಟರುಗಳು ಇದನ್ನು ಒಮ್ಮೆಯೂ ನೋಡಿರುವುದಿಲ್ಲ.

ನಾನೂ ಎಡವಿದ್ದೇನೆ. ಪೆಥಾಲಜಿಸ್ಟ್ ಆದ ಹೊಸದರಲ್ಲಿ ಇಂಥದೇ ಒಂದು ಸ್ಲೈಡ್ ನೋಡಿ 'ಥೈರಾಯ್ಡ್‌ನಿಂದ ಹರಡಿದ್ದು' ಎಂದು ಧೈರ್ಯವಾಗಿ ಬರೆದುಬಿಟ್ಟೆ. ಸರ್ಜನ್ ಹುಷಾರಿ. ಚಾಕು ಎತ್ತುವ ಮೊದಲು ರಕ್ತ ಕಳಿಸಿದರು, ಕುತ್ತಿಗೆಗೆ ಅಲ್ಟ್ರಾಸೌಂಡ್ ಮಾಡಿಸಿದರು. ಕ್ಯಾಲ್ಸಿಟೋನಿನ್ ನಾರ್ಮಲ್, ಥೈರಾಯ್ಡ್ ಚೊಕ್ಕ. ನಾನು ಮುಖ ಸಣ್ಣದು ಮಾಡಿಕೊಂಡು ವರದಿ ತಿದ್ದಿದೆ.

ಸ್ಲೈಡ್ ಹೇಳುವುದು ಜೀವಕೋಶದ ಒಳಗೆ ಏನಿದೆ ಎಂದು. ಅದು ಹೊರಗೆ ಎಷ್ಟು ಸುರಿಯುತ್ತಿದೆ ಎಂದು ಹೇಳುವುದು ರಕ್ತ. ಮೆಡುಲರಿ ಕ್ಯಾನ್ಸರ್ ಗಂಟಲವರೆಗೆ ಹರಡಿದ್ದರೆ ರಕ್ತದ ಕ್ಯಾಲ್ಸಿಟೋನಿನ್ ಸಾಮಾನ್ಯವಾಗಿ ಚೆನ್ನಾಗಿಯೇ ಏರಿರುತ್ತದೆ. ಧ್ವನಿಪೆಟ್ಟಿಗೆಯದ್ದಾದರೆ ಬಹುತೇಕ ನಾರ್ಮಲ್ ಇರುತ್ತದೆ, ಏರುವುದು ಅಪರೂಪ. ಸ್ಲೈಡ್‌ಗೆ ಟಿಟಿಎಫ್-1 ಎಂಬ ಇನ್ನೊಂದು ಬಣ್ಣ ಹಾಕಿದ್ದಾರಾ ಕೇಳಿ. ಮೆಡುಲರಿಯಲ್ಲಿ ಅದು ಗಾಢವಾಗಿ ಹಿಡಿಯುತ್ತದೆ, ಧ್ವನಿಪೆಟ್ಟಿಗೆಯದ್ದರಲ್ಲಿ ಸಾಮಾನ್ಯವಾಗಿ ಹಿಡಿಯುವುದಿಲ್ಲ, ಹಿಡಿದರೂ ಮಸುಕು.

ಕ್ರೋಮೋಗ್ರಾನಿನ್ ಅಂದರೆ ಇಂಥ ಗಡ್ಡೆಗಳು ರಕ್ತಕ್ಕೆ ಬಿಡುವ ಪ್ರೋಟೀನ್, ಅದರ ಬಗ್ಗೆ ಗಾಬರಿ ಬೇಡ. ಪ್ಯಾಂಟೊಪ್ರಜೋಲ್ ತರಹದ ಮಾತ್ರೆ ನುಂಗುತ್ತಿದ್ದರೆ ಅದು ಸುಮ್ನೆ ಏರುತ್ತದೆ. ಕಿಡ್ನಿ ಸೋತಿದ್ದರೂ ಏರುತ್ತದೆ. ಡಾಕ್ಟರನ್ನು ಕೇಳಿ ಎರಡು ವಾರ ಮಾತ್ರೆ ನಿಲ್ಲಿಸಿ, ಆಮೇಲೆ ಮತ್ತೆ ಮಾಡಿಸಿ. ಕೂದಲು, ಉಗುರಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ಲ್ಯಾಬ್‌ಗೆ ಹೇಳಿ, ಕೆಲವು ಹಾರ್ಮೋನ್ ಪರೀಕ್ಷೆಗಳ ಲೆಕ್ಕವನ್ನೇ ಅದು ಕೆಡಿಸುತ್ತದೆ.

ತಂದೆಗೆ ಆಗಾಗ ಎದೆ ಡವಡವ, ವಿಪರೀತ ಬೆವರು, ಬಿಪಿ ಒಮ್ಮೆಲೇ ಏರುವುದು ಇದೆಯಾ? ಇದ್ದರೆ ಆಪರೇಷನ್ನಿಗೆ ಮುಂಚೆಯೇ ಹೇಳಿಬಿಡಿ. ಪ್ಯಾರಾಗ್ಯಾಂಗ್ಲಿಯೋಮ ಅನ್ನುವ ಗಡ್ಡೆಯೂ ಈ ಜಾಗದಲ್ಲಿ ಬರಬಹುದು. ಕುತ್ತಿಗೆಯಲ್ಲಿ ಅದು ಅಡ್ರಿನಲಿನ್ ತರಹದ ಹಾರ್ಮೋನ್ ಸುರಿಸುವುದು ಅಪರೂಪ. ಸುರಿಸುತ್ತಿದ್ದರೆ ಮಾತ್ರ, ತಯಾರಿ ಇಲ್ಲದೆ ಕೈ ಹಾಕಿದಾಗ ಬಿಪಿ ಆಕಾಶಕ್ಕೆ ಹೋಗುತ್ತದೆ. ಅದನ್ನು ಪತ್ತೆಹಚ್ಚಲು ಮೆಟಾನೆಫ್ರಿನ್ (ಆ ಹಾರ್ಮೋನ್ ಒಡೆದು ಬರುವ ವಸ್ತು) ಪರೀಕ್ಷೆ ಇದೆ, ಅರ್ಧ ಗಂಟೆ ಮಲಗಿಸಿ ಆಮೇಲೆ ರಕ್ತ ತೆಗೆದರೆ ಒಳ್ಳೆಯದು. ಸ್ಲೈಡ್‌ನಲ್ಲಿ ಕೆರಾಟಿನ್ ಎಂಬ ಪ್ರೋಟೀನಿನ ಬಣ್ಣ ಚೆನ್ನಾಗಿ ಹಿಡಿದಿದ್ದರೆ ಈ ಅನುಮಾನ ಬಹುಮಟ್ಟಿಗೆ ಬಿಡಬಹುದು.

ಗಡ್ಡೆ ಬೇರೆಲ್ಲಾದರೂ ಇದೆಯಾ ಎಂದು ಹುಡುಕಲು ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನ್ (ಇಂಥ ಗಡ್ಡೆಗೆ ಅಂಟುವ ವಿಕಿರಣದ ಔಷಧಿ ಕೊಟ್ಟು ತೆಗೆಯುವ ಚಿತ್ರ) ನೆರವಾಗುತ್ತದೆ. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಬರೀ ವರದಿ ಒಯ್ಯಬೇಡಿ. ಸ್ಲೈಡು ಮತ್ತು ಬಯಾಪ್ಸಿ ತುಣುಕು ಇಟ್ಟ ಮೇಣದ ಬ್ಲಾಕ್ ಕೇಳಿ ಪಡೆಯಿರಿ. ನಮ್ಮಂಥವರಿಗೆ ಕಾಗದಕ್ಕಿಂತ ಅದೇ ಬೇಕು.

ಕ್ಯಾಲ್ಸಿಟೋನಿನ್ ಬಂದ ಮೇಲೆ ಮತ್ತೆ ಬರೆಯಿರಿ. ಬಯಾಪ್ಸಿ ವರದಿಯಲ್ಲಿ ಗ್ರೇಡ್ ಮತ್ತು ಕೆಐ-67 (ಎಷ್ಟು ಜೀವಕೋಶಗಳು ಒಡೆದು ಬೆಳೆಯುತ್ತಿವೆ ಎನ್ನುವ ಲೆಕ್ಕ) ಶೇಕಡಾ ಎಷ್ಟೆಂದು ಇರುತ್ತದೆ, ಅದನ್ನೂ ನೋಡಿ ಬರೆಯಿರಿ.