ಕೋಟೆ ದಾರಿಯಲ್ಲಿ ಸೈಕಲ್: ಕೊರ್ಬಿಯೇರ್ ಬೆಟ್ಟಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ದಕ್ಷಿಣ ಫ್ರಾನ್ಸಿನ ಕೊರ್ಬಿಯೇರ್ ಬೆಟ್ಟಗಳಲ್ಲಿ ರೋಡ್ ಬೈಕ್ ಓಡಿಸುವ ಬಗ್ಗೆ ಓದುಗರಿಂದ ಸಾಕಷ್ಟು ಪ್ರಶ್ನೆಗಳು ಬಂದಿವೆ. ಒಂದೇ ಥರದವನ್ನು ಸೇರಿಸಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ ನಾಲ್ಕು ದಿನ ಇದೆ. ಕಾರ್ಕಸೋನ್‌ನಿಂದ ಹೊರಟು, ‘ಕಾರ್ಕಸೋನ್‌ನ ಐದು ಮಕ್ಕಳು’ ಅಂತ ಕರೆಯುವ ಐದೂ ಕೋಟೆ ನೋಡಿ, ಮತ್ತೆ ಅಲ್ಲಿಗೇ ಬರಬೇಕು. ಸಮತಟ್ಟು ರಸ್ತೆಯಲ್ಲಿ ದಿನಕ್ಕೆ 100 ಕಿ.ಮೀ. ಸಲೀಸಾಗಿ ಹೋಗುತ್ತೇನೆ. ಆಗುತ್ತಾ?

ಆಗುತ್ತದೆ. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಅಗಿಲಾರ್, ತೆರ್ಮ್, ಕೆರಿಬ್ಯೂಸ್, ಪೇರ್‌ಪೆರ್ತ್ಯೂಸ್, ಪ್ಯುಯ್‌ಲೊರಾನ್ಸ್, ಈ ಐದೂ ಗುಡ್ಡದ ನೆತ್ತಿಯ ಮೇಲೇ ಕೂತಿವೆ. ಸೈಕಲ್ ಹೋಗುವುದು ಪಾರ್ಕಿಂಗ್ ಜಾಗದವರೆಗೆ ಮಾತ್ರ, ಅಲ್ಲಿಂದ ಕಲ್ಲಿನ ದಾರಿಯಲ್ಲಿ ನಡೆದು ಹತ್ತಬೇಕು. ಅಂದರೆ ಒಂದೊಂದು ಕೋಟೆಗೂ ಎರಡೆರಡು ಸಲ ಹತ್ತಿದ ಹಾಗೆ. ಐದನ್ನೂ ನಾಲ್ಕು ದಿನಕ್ಕೆ ತುರುಕಿದರೆ ಟಿಕೆಟ್ ತಗೊಂಡು, ಫೋಟೊ ಹೊಡೆದು, ಓಡೋಡಿ ಇಳಿಯುವುದೇ ಆಗುತ್ತದೆ. ಅಷ್ಟು ದೂರ ಹೋಗಿ ಹಾಗೆ ನೋಡುವುದು ನನಗಂತೂ ಇಷ್ಟವಿಲ್ಲ.

ಇನ್ನೊಂದು ವಿಷಯ, ಇದೇ ಮುಖ್ಯ: ಗಾಳಿ. ಅಲ್ಲಿ ಬೀಸುವ ಜೋರು ಗಾಳಿ ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ಕಾರ್ಕಸೋನ್ ಕಡೆಯವರು ಅದನ್ನು ಸೆರ್ಸ್ ಅನ್ನುತ್ತಾರೆ, ಪೆರ್ಪಿನ್ಯಾನ್ ಕಡೆಯವರು ತ್ರಾಮೊಂತಾನ್ ಅನ್ನುತ್ತಾರೆ. ಶುರುವಾದರೆ ದಿನಗಟ್ಟಲೆ ನಿಲ್ಲುವುದಿಲ್ಲ. ಕಾರ್ಕಸೋನ್‌ನಿಂದ ಸಮುದ್ರದ ಕಡೆ ಹೋಗುವಾಗ ಅದು ಬೆನ್ನಿಗೆ ಇರುತ್ತದೆ, ನಾನು ಏನು ಜೋರು ಅಂತ ಖುಷಿಯಾಗುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಎದೆಗೆ ಹೊಡೆಯುತ್ತದೆ, ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಗುತ್ತದೆ. ಹಾಗಾಗಿ ಸುತ್ತು ಹಾಕಿ ವಾಪಸ್ ಬರುವ ಯೋಚನೆ ಬಿಡಿ. ಒಂದೇ ದಿಕ್ಕಿಗೆ ಹೋಗಿ ಪೆರ್ಪಿನ್ಯಾನ್‌ನಲ್ಲಿ ಮುಗಿಸಿ. ಅಲ್ಲಿಂದ ನಾರ್ಬೋನ್ ಮೇಲೆ ಕಾರ್ಕಸೋನ್‌ಗೆ ರೈಲಿದೆ. ಟಿಇಆರ್ ಅನ್ನುವ ಪ್ರಾದೇಶಿಕ ರೈಲುಗಳಲ್ಲಿ ಜಾಗ ಇದ್ದರೆ ಸೈಕಲ್ ಬಿಚ್ಚದೇ ಹತ್ತಿಸಬಹುದು.

ದಾರಿ ಹೀಗೆ ಹಾಕಿಕೊಳ್ಳಿ. ಮೊದಲ ದಿನ ಕಾರ್ಕಸೋನ್‌ನಿಂದ ಲಗ್ರಾಸ್‌ಗೆ, ಸುಮಾರು 40 ಕಿ.ಮೀ. ಹಳೇ ಮಠ, ಹಳೇ ಕಲ್ಲು ಸೇತುವೆ ಇರುವ ಚಂದದ ಊರು. ಕಾಲು ಹೊಂದಿಕೊಳ್ಳಲಿ. ಎರಡನೇ ದಿನ ವಿಲ್‌ರೂಜ್-ತೆರ್ಮನೆಸ್ ಮತ್ತು ತೆರ್ಮ್ ನೋಡಿ, ದವ್‌ಜಾನ್ ಕಡೆಯ ಸಣ್ಣ ರಸ್ತೆಗಳಲ್ಲಿ ಪಾದೆರ್ನ್‌ಗೆ ಇಳಿದು ಕ್ಯುಕ್ಯುನ್ಯಾನ್ ಸೇರಿ. ಎರಡು ರಾತ್ರಿ ಅಲ್ಲೇ ಉಳಿಯಿರಿ. ಮೂರನೇ ದಿನ ಬ್ಯಾಗ್ ರೂಮಲ್ಲೇ ಬಿಟ್ಟು ಪೇರ್‌ಪೆರ್ತ್ಯೂಸ್‌ಗೆ ಹೋಗಿ ಬನ್ನಿ. ಕಾಲಲ್ಲಿ ಇನ್ನೂ ದಮ್ಮಿದ್ದರೆ ಗಲಾಮ್ಯುಸ್ ಕಣಿವೆಯನ್ನೂ ಸೇರಿಸಿಕೊಳ್ಳಿ. ಬಂಡೆಯ ಗೋಡೆಯನ್ನೇ ಕೆತ್ತಿ ಮಾಡಿದ ಇಕ್ಕಟ್ಟಾದ ರಸ್ತೆ ಅದು. ಕಲ್ಲು ಉದುರಿ ಆಗಾಗ ಮುಚ್ಚುತ್ತಾರೆ, ಹೊರಡುವ ಮುಂಚೆ ಕೇಳಿ. ನಾಲ್ಕನೇ ದಿನ ಬೆಳಿಗ್ಗೆ ಕೆರಿಬ್ಯೂಸ್ ನೋಡಿ, 432 ಮೀಟರ್ ಎತ್ತರದ ಗ್ರೋ ದ ಮೋರಿ ಕಣಿವೆದಾರಿ ದಾಟಿ, ದ್ರಾಕ್ಷಿ ತೋಟಗಳ ನಡುವೆ ಪೆರ್ಪಿನ್ಯಾನ್‌ಗೆ ಇಳಿಯಿರಿ. ಮೋರಿ ಅನ್ನುವ ಊರಿನಿಂದ ಮುಂದೆ ಲಾರಿಗಳ ಓಡಾಟ ಇರುವ ದೊಡ್ಡ ರಸ್ತೆ, ಅಲ್ಲಿ ಮಾತ್ರ ಹುಷಾರು. ಅಗಿಲಾರ್, ಪ್ಯುಯ್‌ಲೊರಾನ್ಸ್ ಎರಡೂ ಇನ್ನೊಂದು ಸಲಕ್ಕೆ ಇರಲಿ.

ಪ್ರಶ್ನೆ: ಇವೆಲ್ಲ ಕ್ಯಾಥರರು ಕಟ್ಟಿದ ಕೋಟೆಗಳು ಅಲ್ವಾ? ಬೋರ್ಡುಗಳಲ್ಲೂ ‘ಕ್ಯಾಥರ್ ನಾಡು’ ಅಂತಲೇ ಇದೆಯಂತೆ.

ಬೋರ್ಡು ನಿಜ, ಆದರೆ ಕಟ್ಟಡದ ಕತೆ ಬೇರೆ. ಕ್ಯಾಥರರು ರೋಮಿನ ಚರ್ಚನ್ನು ಒಪ್ಪದ ಕ್ರೈಸ್ತರು. ಅವರನ್ನು ಅಳಿಸಿಹಾಕಲು 1209ರಲ್ಲಿ ದಂಡಯಾತ್ರೆ ಶುರುವಾಯಿತು. ಆ ವರ್ಷ ಜುಲೈನಲ್ಲಿ ಬೆಜಿಯೇ ಊರಿನ ಜನರನ್ನು ಕೊಂದರು, ಆಗಸ್ಟ್‌ನಲ್ಲಿ ಕಾರ್ಕಸೋನ್ ಶರಣಾಯಿತು. ಓಡಿ ಬಂದ ಕ್ಯಾಥರರಿಗೆ ಗುಡ್ಡದ ಮೇಲಿನ ಪಾಳೇಗಾರರು ಆಸರೆ ಕೊಟ್ಟಿದ್ದು ಹೌದು. ಆದರೆ ಅವರ ಕಾಲದ ಕೋಟೆಗಳು ಚಿಕ್ಕವು. ಇವತ್ತು ನಾವು ನೋಡುವ ದೊಡ್ಡ ಗೋಡೆಗಳಲ್ಲಿ ಹೆಚ್ಚಿನವು ಆಮೇಲೆ, ಗೆದ್ದ ಫ್ರಾನ್ಸ್ ರಾಜನ ಕಡೆಯವರು ಕಟ್ಟಿಸಿದವು. 1258ರ ಕೊರ್ಬೇ ಒಪ್ಪಂದದಿಂದ ಫ್ರಾನ್ಸ್ ಮತ್ತು ಅರಗಾನ್ (ಈಗಿನ ಸ್ಪೇನ್ ಕಡೆಯ ರಾಜ್ಯ) ನಡುವಿನ ಗಡಿ ಇದೇ ಬೆಟ್ಟಸಾಲಿಗೆ ಬಂತು, ಐದೂ ಕೋಟೆ ಗಡಿ ಕಾಯುವ ಠಾಣೆಗಳಾದವು. 1659ರ ಪಿರೆನೀಸ್ ಒಪ್ಪಂದದಲ್ಲಿ ಗಡಿ ಇನ್ನೂ ದಕ್ಷಿಣಕ್ಕೆ ಸರಿಯಿತು. ಇವುಗಳಿಗೆ ಕೆಲಸವೇ ಇಲ್ಲದಾಯಿತು, ಹಾಗೇ ಪಾಳು ಬಿದ್ದವು.

ಇದು ಗೊತ್ತಿದ್ದು ಹತ್ತಿದರೆ ನೋಡುವ ರೀತಿಯೇ ಬದಲಾಗುತ್ತದೆ. ಕೆರಿಬ್ಯೂಸ್‌ನ ತುದಿಯಲ್ಲಿ, 728 ಮೀಟರ್ ಎತ್ತರದಲ್ಲಿ, ಮುಖ್ಯ ಗೋಪುರದೊಳಗೆ ಒಂದು ಕೋಣೆ ಇದೆ. ನಡುವೆ ಒಂದೇ ಒಂದು ಕಂಬ. ಆ ಕಂಬದ ತಲೆಯಿಂದ ಕಲ್ಲಿನ ಕಮಾನುಗಳು ಈಚಲು ಮರದ ಗರಿಗಳ ಹಾಗೆ ನಾಲ್ಕೂ ಕಡೆ ಹರಡಿಕೊಂಡು ಇಡೀ ಚಾವಣಿ ಹೊತ್ತಿವೆ. ಹೊರಗೆ ನಿಲ್ಲಲಾಗದಷ್ಟು ಗಾಳಿ, ಒಳಗೆ ಇಷ್ಟು ನಾಜೂಕು ಕೆಲಸ. ಹೊರಗೆ ಬಂದು ದಕ್ಷಿಣಕ್ಕೆ ನೋಡಿದರೆ ಕನಿಗೂ ಪರ್ವತ, ಪೂರ್ವಕ್ಕೆ ಆಕಾಶ ತಿಳಿಯಾಗಿದ್ದರೆ ಸಮುದ್ರ. ಗಡಿ ಕಾಯಲು ಈ ಜಾಗವನ್ನೇ ಯಾಕೆ ಆರಿಸಿದರು ಅಂತ ಯಾರೂ ವಿವರಿಸಬೇಕಿಲ್ಲ. ಈ ಕೋಟೆ 1255ರಲ್ಲಿ ರಾಜನ ಕೈಸೇರಿತು. ಕ್ಯಾಥರರಿಗೆ ಆಸರೆ ಕೊಟ್ಟ ಕೋಟೆಗಳಲ್ಲಿ ಅದೇ ಕೊನೆಯದು.

ವಿಲ್‌ರೂಜ್-ತೆರ್ಮನೆಸ್ ಬಿಡಬೇಡಿ ಅಂದಿದ್ದು ಇದಕ್ಕೇ. ಅದು ಐದರ ಪಟ್ಟಿಯಲ್ಲಿಲ್ಲ, ಊರ ನಡುವೆಯೇ ಇರುವ ಕೋಟೆ. ಈ ನಾಡಿನ ಕೊನೆಯ ಕ್ಯಾಥರ್ ಗುರು ಗಿಲ್ಲೆಮ್ ಬೆಲಿಬಾಸ್ತ್‌ನನ್ನು 1321ರಲ್ಲಿ ಸುಟ್ಟಿದ್ದು ಅಲ್ಲೇ. ಕಾಫಿ ಕುಡಿದು ಮುಂದೆ ಹೋಗಿಬಿಡಬಹುದಾದ ಊರು. ಹೋಗಬೇಡಿ, ಸ್ವಲ್ಪ ನಿಲ್ಲಿ.

ಪ್ರಶ್ನೆ: ನನ್ನ ಸೈಕಲ್‌ನ ಗೇರ್ ಚಕ್ರಗಳಲ್ಲಿ ಮುಂದೆ 50/34 ಹಲ್ಲು, ಹಿಂದೆ 11ರಿಂದ 28 ಹಲ್ಲು ಇದೆ. ಏರಿಗೆ ಸಾಕಾಗುತ್ತಾ? ಟೈರ್ ಅಗಲ 25 ಮಿ.ಮೀ.

ಬ್ಯಾಗ್ ಇಲ್ಲದೆ, ಚೆನ್ನಾಗಿ ತರಬೇತಿ ಆಗಿದ್ದರೆ ಸಾಕು. ಬ್ಯಾಗ್ ಇದ್ದರೆ ಸಾಲದು. ಕೊರ್ಬಿಯೇರ್‌ನ ಸಾಮಾನ್ಯ ಏರುಗಳು ಮೆತ್ತಗಿವೆ, ನಾಲ್ಕೈದು ಶೇಕಡಾ, ಮಾತಾಡಿಕೊಂಡು ಹತ್ತಬಹುದು. ಕಷ್ಟ ಇರುವುದು ಕೊನೆಯ ತುಂಡಿನಲ್ಲಿ. ದ್ಯುಯಾಕ್ ಊರಿಂದ ಪೇರ್‌ಪೆರ್ತ್ಯೂಸ್ ಪಾರ್ಕಿಂಗ್‌ವರೆಗೆ ಮೂರು ಕಿ.ಮೀ. ಮೇಲ್ಪಟ್ಟು ಬಿಡುವಿಲ್ಲದ ಏರು. ಕೆರಿಬ್ಯೂಸ್‌ಗೆ ತಿರುಗುವ ಸಣ್ಣ ರಸ್ತೆಯೂ ಹಾಗೇ. ಹಿಂದೆ 34 ಹಲ್ಲಿನವರೆಗೆ ಇರುವ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗೊಂಚಲು) ಹಾಕಿಸಿ. ಮುಂದೆ 34, ಹಿಂದೆ 34 ಅಂದರೆ ಪೆಡಲ್ ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು. ನಿಧಾನ ಆಗುತ್ತದೆ, ಆದರೆ ಮಂಡಿ ಉಳಿಯುತ್ತದೆ. ಹಾಕಿಸುವ ಮುಂಚೆ ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಗೇರ್‌ನಿಂದ ಗೇರ್‌ಗೆ ಸರಿಸುವ ಭಾಗ) ಅಷ್ಟು ದೊಡ್ಡ ಚಕ್ರಕ್ಕೆ ಹೊಂದುತ್ತದಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ, ಕೆಲವಕ್ಕೆ ಉದ್ದ ಕೈಯ ಡಿರೇಲರ್ ಬೇಕು.

ಫ್ರೇಮಲ್ಲಿ ಜಾಗ ಇದ್ದರೆ ಟೈರ್ 28 ಮಿ.ಮೀ. ಅಥವಾ ಅದಕ್ಕಿಂತ ದಪ್ಪ ಹಾಕಿ. ಸಣ್ಣ ರಸ್ತೆಗಳ ಡಾಂಬರು ಒರಟು, ತಿರುವುಗಳಲ್ಲಿ ಜಲ್ಲಿ ಬಿದ್ದಿರುತ್ತದೆ. ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಡಿ.

ಪ್ರಶ್ನೆ: ಕ್ಲೀಟ್ ಶೂನಲ್ಲಿ (ಪೆಡಲ್‌ಗೆ ಸಿಕ್ಕಿಸುವ ಗಟ್ಟಿ ತುಂಡು ಅಡಿಯಲ್ಲಿರುವ ಸೈಕಲ್ ಶೂ) ಕೋಟೆ ಹತ್ತಬಹುದಾ?

ಬೇಡವೇ ಬೇಡ. ಅಲ್ಲಿಯ ಬಂಡೆ ಸುಣ್ಣಕಲ್ಲು. ಜನ ತುಳಿದು ತುಳಿದು ಮೆಟ್ಟಿಲುಗಳ ಅಂಚು ನುಣ್ಣಗೆ ಹೊಳೆಯುತ್ತಿರುತ್ತದೆ, ಒಣಗಿದ್ದರೂ ಜಾರುತ್ತದೆ. ಪೇರ್‌ಪೆರ್ತ್ಯೂಸ್‌ನಲ್ಲಿ ಒಂಬತ್ತನೇ ಲೂಯಿ ರಾಜನ ಹೆಸರಿನ ಮೆಟ್ಟಿಲ ಸಾಲಿದೆ, ಬಂಡೆಯಲ್ಲೇ ಕಡಿದದ್ದು, ಪಕ್ಕದಲ್ಲೇ ಪ್ರಪಾತ. ತೆಳ್ಳಗಿನ ರನ್ನಿಂಗ್ ಶೂ ಒಂದು ಜೊತೆ ಬ್ಯಾಗಲ್ಲಿಡಿ. ಇಲ್ಲಾಂದ್ರೆ ಕ್ಲೀಟ್ ಒಳಗೆ ಹುದುಗಿರುವ ಮೌಂಟನ್ ಬೈಕ್ ಶೂ ಹಾಕಿ. ಗುಡುಗು ಮಿಂಚು ಇದ್ದರೆ ಕೋಟೆ ಮುಚ್ಚುತ್ತಾರೆ, ಗೇಟಿನವರ ಹತ್ತಿರ ವಾದ ಮಾಡಬೇಡಿ.

ಪ್ರಶ್ನೆ: ನೀರು, ಊಟ ದಾರಿಯಲ್ಲಿ ಸಿಗುತ್ತಾ?

ಸಿಗುತ್ತದೆ, ಆದರೆ ನಿಮಗೆ ಬೇಕಾದಾಗ ಅಲ್ಲ. ಹಳ್ಳಿಗಳು ತೀರಾ ಚಿಕ್ಕವು. ಅಂಗಡಿ ಇದ್ದರೂ ಮಧ್ಯಾಹ್ನ ಮುಚ್ಚಿರುತ್ತದೆ, ಸೋಮವಾರ ಎಷ್ಟೋ ಕಡೆ ಪೂರ್ತಿ ರಜೆ. ಬೆಳಿಗ್ಗೆ ಬೇಕರಿ ಕಂಡ ತಕ್ಷಣ ಬ್ರೆಡ್ ಕಟ್ಟಿಸಿಕೊಂಡುಬಿಡಿ. ಕ್ಯುಕ್ಯುನ್ಯಾನ್‌ನಲ್ಲಿ ಗಾಳಿಗಿರಣಿ ಇವತ್ತಿಗೂ ಹಿಟ್ಟು ಬೀಸುತ್ತದೆ, ಅದೇ ಹಿಟ್ಟಿನ ಬ್ರೆಡ್ ಸಿಗುತ್ತದೆ, ತಿನ್ನಲೇಬೇಕು.

ದೊಡ್ಡ ಬಾಟಲಿ ಎರಡು ಇರಲಿ. ಊರಿನ ನಲ್ಲಿ ಮೇಲೆ ‘ಓ ನಾನ್ ಪೊತಾಬ್ಲ್’ ಅಂತಿದ್ದರೆ ಕುಡಿಯಬಾರದು ಅಂತ ಅರ್ಥ. ಏನೂ ಸಿಗದಿದ್ದರೆ ಸ್ಮಶಾನ ಹುಡುಕಿ. ಹೂಗಿಡಗಳಿಗೆ ಅಂತ ಅಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ, ಅಲ್ಲಿಯ ಸೈಕಲ್‌ನವರೆಲ್ಲ ಹಾಗೇ ಮಾಡುತ್ತಾರೆ. ಬೋರ್ಡ್ ಮಾತ್ರ ಅಲ್ಲೂ ನೋಡಿ.

ನೀರಿನ ವಿಷಯದಲ್ಲಿ ತೆರ್ಮ್ ಕೋಟೆಯನ್ನು ನೆನೆಯದೆ ಇರಲಾಗುವುದಿಲ್ಲ. 1210ರಲ್ಲಿ ಆ ದಂಡಯಾತ್ರೆಯ ನಾಯಕ ಸಿಮೊನ್ ದ ಮೊಂಫೋರ್ ಅದಕ್ಕೆ ಸುಮಾರು ನಾಲ್ಕು ತಿಂಗಳು ಮುತ್ತಿಗೆ ಹಾಕಿದ್ದ. ಗೋಡೆ ಬೀಳಲಿಲ್ಲ, ಒಳಗಿನ ತೊಟ್ಟಿಗಳ ನೀರು ಮುಗಿಯಿತು. ಶರಣಾಗುತ್ತೇವೆ ಅಂತ ಒಪ್ಪಿದ ರಾತ್ರಿಯೇ ಮಳೆ ಸುರಿದು ತೊಟ್ಟಿ ತುಂಬಿದವು, ಒಳಗಿನವರು ಮಾತು ಹಿಂದೆಗೆದುಕೊಂಡರು. ಆದರೆ ಆ ನೀರು ಕೆಟ್ಟಿತ್ತು. ಭೇದಿ ಹಬ್ಬಿತು. ಕೊನೆಗೆ ನವೆಂಬರ್‌ನ ಒಂದು ರಾತ್ರಿ ಕೋಟೆ ಬಿಟ್ಟು ಓಡಿದರು. ಬಿಸಿಲಲ್ಲಿ ಬಾಟಲಿ ಖಾಲಿ ಮಾಡಿಕೊಂಡು ಆ ಗುಡ್ಡ ಹತ್ತಿದವರಿಗೆ ಈ ಕತೆ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ಆಗಸ್ಟ್‌ನಲ್ಲಿ ರಜೆ ಸಿಗುತ್ತದೆ. ಹೋಗಬಹುದಾ?

ಬೇರೆ ತಿಂಗಳು ರಜೆ ಸಿಗುವ ಹಾಗಿದ್ದರೆ ಅದನ್ನೇ ತಗೊಳ್ಳಿ. ಬಿಸಿಲು ಒಂದು ಕಾರಣ, ಬೆಂಕಿ ಇನ್ನೂ ದೊಡ್ಡ ಕಾರಣ. 2025ರ ಆಗಸ್ಟ್ 5ರಂದು ಲಗ್ರಾಸ್ ಹತ್ತಿರದ ರಿಬೋತ್ ಊರಲ್ಲಿ ಹೊತ್ತಿಕೊಂಡ ಕಾಡ್ಗಿಚ್ಚು 15,000 ಹೆಕ್ಟೇರ್‌ಗಿಂತ ಜಾಸ್ತಿ ಸುಟ್ಟಿತು, ಮನೆಗಳೂ ಹೋದವು. ಒಣಗಿದ ಕುರುಚಲು ಗಿಡ, ಮೇಲಿಂದ ಆ ಗಾಳಿ, ಒಂದು ಕಿಡಿ ಸಾಕು. ಅಪಾಯ ಜಾಸ್ತಿ ಇದ್ದ ದಿನ ಬೆಟ್ಟಗಳಿಗೆ ಹೋಗುವುದನ್ನೇ ಅಧಿಕಾರಿಗಳು ನಿಲ್ಲಿಸುತ್ತಾರೆ.

ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ ನನ್ನ ಆಯ್ಕೆ. ಥೈಮ್ ಗಿಡ ಹೂ ಬಿಟ್ಟಿರುತ್ತದೆ, ದ್ರಾಕ್ಷಿ ಬಳ್ಳಿ ಚಿಗುರಿರುತ್ತದೆ, ರಸ್ತೆ ಖಾಲಿ. ಸೆಪ್ಟೆಂಬರ್ ಕೂಡ ಒಳ್ಳೆಯದೇ, ದ್ರಾಕ್ಷಿ ಕೊಯ್ಲಿನ ಟ್ರ್ಯಾಕ್ಟರುಗಳಿಗೆ ದಾರಿ ಬಿಟ್ಟುಕೊಡಿ. ಅಕ್ಟೋಬರ್‌ಗೆ ಮಳೆಯ ಭಯ ಶುರು. 2018ರ ಅಕ್ಟೋಬರ್ 15ರಂದು ಕಾರ್ಕಸೋನ್ ಪಕ್ಕದ ತ್ರೆಬ್ ಸುತ್ತಮುತ್ತ ಒಂದೇ ರಾತ್ರಿಯ ಮಳೆಗೆ ಪ್ರವಾಹ ಬಂದು ಜನ ಸತ್ತರು. ಮೆತೆಯೊ-ಫ್ರಾನ್ಸ್ ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಸೈಕಲ್ ಹೊರಗೆ ತೆಗೆಯಬೇಡಿ. ಅದೇ ಕಾಲದಲ್ಲಿ ಕಾಡುಹಂದಿ ಬೇಟೆಯೂ ನಡೆಯುತ್ತದೆ, ರಸ್ತೆ ಪಕ್ಕ ಬೇಟೆಯ ಬೋರ್ಡ್ ಕಂಡರೆ ಕಾಡಿನ ಕಾಲುದಾರಿಗೆ ಇಳಿಯಬೇಡಿ.

ಪ್ರಶ್ನೆ: ಅಲ್ಲಿ ಹೆಲ್ಮೆಟ್ ಕಡ್ಡಾಯವೇ? ಬೇರೆ ಏನು ನಿಯಮ ಇದೆ?

2017ರಿಂದ 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕಡ್ಡಾಯ. ನೀವು ಹಾಕಿಕೊಳ್ಳಿ, ಇಳಿಜಾರು ಅಂಥದ್ದು. ಗಂಟೆ ಇರಬೇಕು. ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ. ರಾತ್ರಿ ಅಥವಾ ಮಂಜು ಕವಿದಾಗ ಊರ ಹೊರಗೆ ಹೊಳೆಯುವ ಜಾಕೆಟ್ ಕಡ್ಡಾಯ, ದೀಪವಂತೂ ಬೇಕೇ ಬೇಕು. ಇಬ್ಬರು ಜೊತೆಜೊತೆಗೆ ಹೋಗಬಹುದು, ಹಿಂದಿನ ಕಾರು ದಾಟಬೇಕು ಅಂದರೆ ಒಬ್ಬರ ಹಿಂದೆ ಒಬ್ಬರಾಗಬೇಕು. ಊರ ಹೊರಗೆ ದಾಟುವ ಕಾರುಗಳು ನಿಮ್ಮಿಂದ ಒಂದೂವರೆ ಮೀಟರ್ ದೂರ ಇರಬೇಕು ಅನ್ನುವುದೂ ಕಾನೂನು. ಏನಾದರೂ ಆದರೆ 112ಕ್ಕೆ ಫೋನ್ ಮಾಡಿ. ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ, ಆದ್ದರಿಂದ ಒಬ್ಬರೇ ಹೋಗುವವರು ಇವತ್ತು ಯಾವ ದಾರಿ ಅಂತ ಉಳಿದುಕೊಂಡ ಮನೆಯವರಿಗೆ ಹೇಳಿ ಹೊರಡಿ.